ತುದಿಯ ಎರಡು ಬೆರಳಗಲ

ಅವರ ಬಲಗೈ ಸದಾ ನಡುಗುತ್ತಿತ್ತು. ಸಂಜೆ ಚಹಾ ಹಿಡಿದು ಬಾಲ್ಕನಿಗೆ ಬಂದರೆ ಕಪ್ ಸಾಸರಿಗೆ ತಾಗಿ ಕಿಣಿಕಿಣಿ ಎನ್ನುವುದು ಪಕ್ಕದ ನನ್ನ ಬಾಲ್ಕನಿಗೂ ಕೇಳಿಸುತ್ತಿತ್ತು. ಆಫ್ರಿಕಾದ ಆ ಊರಿನ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಫ್ಲಾಟಿನಲ್ಲಿ ನಾನು ಒಬ್ಬನೇ. ಎರಡು ಸಾವಿರದ ಹದಿನಾಲ್ಕರ ಸುಮಾರಿಗೆ ಸಂಸ್ಥೆಯೊಂದರ ಕೆಲಸಕ್ಕೆಂದು ಮೈಸೂರಿನಿಂದ ಬಂದವನು. ಆಫೀಸಿನವರು ನಗುನಗುತ್ತಲೇ ಮಾತಾಡಿಸುತ್ತಿದ್ದರು, ಶುಕ್ರವಾರ ಸಂಜೆ ಅವರವರ ಮನೆ ಸೇರುತ್ತಿದ್ದರು. ಆಮೇಲೆ ಸೋಮವಾರದವರೆಗೆ ನನಗೆ ಆ ಕಿಣಿಕಿಣಿಯೇ ಜೊತೆ.

ಪಕ್ಕದ ಮನೆಯವರು ಹಲ್ಲಿನ ಡಾಕ್ಟರು. ಮಂಗಳೂರು ಕಡೆಯ ಕ್ರೈಸ್ತರು, ಮದುವೆಯಾದವರಲ್ಲ. ಕೊಂಕಣಿ ಮಾತಾಡಲು ಇದ್ದೊಬ್ಬ ತಂಗಿಯೂ ತೀರಿಕೊಂಡಿದ್ದರು. ಕೈ ನಡುಗಲು ಶುರುವಾದದ್ದೇ ತಡ, ಯಾರೂ ಹೇಳುವ ಮೊದಲೇ ಕ್ಲಿನಿಕ್ಕಿಗೆ ಬೀಗ ಹಾಕಿದ್ದರು. ಸುಮ್ಮನೆ ಕೂರುವ ಜಾತಿಯಲ್ಲ. ಜಪಾನಿನಲ್ಲಿ ಬಾಗಿದ ಕತ್ತಿಗಳು ಬರುವ ಮೊದಲು ನೇರ ಕತ್ತಿಗಳಿದ್ದವಂತೆ. ಓದುವ ಕಾಲದಲ್ಲಿ ಯಾವುದೋ ಮ್ಯೂಸಿಯಮ್ಮಿನಲ್ಲಿ ಅಂಥದ್ದೊಂದನ್ನು ನೋಡಿ ಮನಸೋತಿದ್ದರಂತೆ. ಈಗ ಕಟ್ಟಡದ ಹಿಂಬದಿಯ ಗ್ಯಾರೇಜಿನಲ್ಲಿ ಕುಲುಮೆ ಹೂಡಿ ಅದನ್ನೇ ಮಾಡಲು ಹೊರಟಿದ್ದರು.

"ಕೈ ನಡುಗಿದ್ರೆ ಹಲ್ಲಿಗೆ ಗೊತ್ತಾಗ್ತದೆ ಮಾರಾಯ್ರೆ. ಸುತ್ತಿಗೆಗೆ ಎಂತ ಗೊತ್ತಾಗುದಿಲ್ಲ" ಎನ್ನುತ್ತಿದ್ದರು.

ಗೇಟು ಕಾಯುವ ಅಸ್ಕರಿಗೆ ಅದು ಹುಲ್ಲು ಕಡಿಯುವ ಮಚ್ಚು, ಪಾಂಗಾ ಅಷ್ಟೇ. "ಡಕ್ತಾರಿ, ಪಾಂಗಾ ಆಯ್ತಾ? ಹುಲ್ಲು ಬೆಳೆದಿದೆ" ಎಂದು ಸ್ವಾಹಿಲಿಯಲ್ಲಿ ಕಾಲೆಳೆಯುತ್ತಿದ್ದ. ಇವರು ಗಂಭೀರವಾಗಿ "ಬಾಡೊ" ಎನ್ನುತ್ತಿದ್ದರು. ಇನ್ನೂ ಇಲ್ಲ.

ಕರೆಂಟು ಹೋದಾಗ ಕಟ್ಟಡದವರೆಲ್ಲ ಶಪಿಸಿದರೆ ಇವರೊಬ್ಬರಿಗೆ ಹಬ್ಬ. ಕಾದ ಉಕ್ಕಿನ ಹದ ತಿಳಿಸುವ ನಿಜವಾದ ಬಣ್ಣ ಕಾಣುವುದು ಕತ್ತಲಲ್ಲೇ. ಹಾಗೊಂದು ಸಂಜೆ ದೀಪ ಹೋದಾಗ ಅವರು ಮೊದಲ ಸಲ ನನ್ನ ಬಾಗಿಲು ಬಡಿದರು. ಮೊದಲು ಮಾಡಿದ್ದ ಕತ್ತಿ, ಗಟ್ಟಿಯಾಗಲೆಂದು ಕಾಯಿಸಿ ನೀರಿಗಿಳಿಸಿದ ಕೂಡಲೇ, ಟಿಣ್ಣೆಂದು ಸೀಳು ಬಿಟ್ಟಿತ್ತು. ಈ ಸಲ ಪಕ್ಕದಲ್ಲಿ ಯಾರಾದರೂ ಇರಲಿ ಅನ್ನಿಸಿತ್ತಂತೆ. ಗ್ಯಾರೇಜಿಗೆ ಹೋಗಿ ಹೊಸ ಕತ್ತಿ ನೋಡಿದೆ.

"ಡಾಕ್ಟ್ರೇ, ಇದು ಸೊಟ್ಟಗಿದೆಯಲ್ಲಾ?" ಎಂದೆ.

"ಬೇಕಂತಲೇ. ಬೆನ್ನಿಗೆ ಮಣ್ಣು ಮೆತ್ತಿ ಉಂಟು, ಅಲ್ಲಿ ತಣಿಯುದು ನಿಧಾನ. ನೀರಿಗೆ ಹಾಕಿದ ಕೂಡ್ಲೆ ಬೆನ್ನಿನ ಕಡೆಗೆ ಎಳೀತದೆ. ಅದಕ್ಕೆ ಮೊದ್ಲೇ ಈಚೆಗೆ, ಅಲಗಿನ ಕಡೆಗೆ ಬಗ್ಗಿಸಿದ್ದು."

ಕೆಂಪಗಿನ ಕತ್ತಿ ತೊಟ್ಟಿಗಿಳಿಯಿತು. ನೀರು ಭೊಸ್ಸೆಂದಿತು. ಇಬ್ಬರೂ ಉಸಿರು ಬಿಗಿಹಿಡಿದು ಆ ಟಿಣ್ ಶಬ್ದಕ್ಕಾಗಿ ಕಾದೆವು. ಬರಲಿಲ್ಲ. "ನೀವೇ ನೋಡಿ, ನನಗೆ ಧೈರ್ಯ ಇಲ್ಲ" ಎಂದು ಕತ್ತಿಯನ್ನು ನನ್ನ ಕೈಗಿತ್ತರು. ಮೊಬೈಲಿನ ಬೆಳಕಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿದೆ. ನೇರವಾಗಿತ್ತು.

ಕಷ್ಟ ಶುರುವಾದದ್ದು ಆಮೇಲೆ. ಒದ್ದೆ ಸಾಣೆಕಲ್ಲಿನ ಮೇಲೆ ತಿಂಗಳುಗಟ್ಟಲೆ ಉಜ್ಜಬೇಕು. ಕೈ ಅಲುಗಿದರೆ ಚಪ್ಪಟೆ ಮೈ ದುಂಡಗಾಗಿಬಿಡುತ್ತದೆ. ಅವರ ಕೈಯಂತೂ ವಾರದಿಂದ ವಾರಕ್ಕೆ ಹದಗೆಡುತ್ತಿತ್ತು. ಒಂದು ಭಾನುವಾರ ಕಲ್ಲಿನ ಮುಂದೆ ಕೂತು, ನನ್ನ ಮುಖ ನೋಡದೆ ಕೇಳಿದರು: "ನನ್ನ ಮಣಿಕಟ್ಟಿನ ಮೇಲೆ ಒಂದು ಕೈ ಇಡ್ತೀರಾ? ಒತ್ತುದು ಬೇಡ. ಭಾರ ಇದ್ರೆ ಸಾಕು."

ಇಟ್ಟೆ. ನಡುಕ ಕಡಿಮೆಯಾಯಿತು. ಮುಂದಕ್ಕೆ, ಹಿಂದಕ್ಕೆ, ಅವರ ಕೈ ಹೋದಲ್ಲಿಗೆ ನನ್ನದೂ ಹೋಯಿತು. ಆ ಊರಿಗೆ ಬಂದ ಮೇಲೆ ಕೈಕುಲುಕಿದ್ದು ಬಿಟ್ಟರೆ ಇನ್ನೊಬ್ಬರ ಮೈಯ ಬಿಸಿ ನನಗೆ ತಾಗಿದ್ದು ಅಂದೇ. ಕತ್ತಲಾಗುವವರೆಗೆ ಇಬ್ಬರೂ ಉಜ್ಜಿದೆವು. ಆಮೇಲೆ ಭಾನುವಾರಗಳೆಲ್ಲ ಹಾಗೆಯೇ ಕಳೆದವು. ಶುಕ್ರವಾರ ಬಂದರೆ ನನಗೆ ಹೆದರಿಕೆಯಾಗುವುದು ನಿಂತಿತ್ತು.

ತುದಿಯ ಎರಡು ಬೆರಳಗಲ ಉಜ್ಜುವುದಷ್ಟೇ ಉಳಿದಿತ್ತು. ಅದು ಎಲ್ಲಕ್ಕಿಂತ ಕಷ್ಟದ ಭಾಗ. "ಅವಸರ ಎಂತಕ್ಕೆ? ಮುಗಿದ್ರೆ ನೀವು ಬರುದಿಲ್ಲ" ಎಂದು ನಕ್ಕಿದ್ದರು. ಮರುವಾರ ಕುಸಿದುಬಿದ್ದ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಪೂರ್ತಿ ಪ್ರಜ್ಞೆ ಇರಲಿಲ್ಲ, ಕೈ ಮಾತ್ರ ಹಾಸಿಗೆಯ ಮೇಲೆ ನಡುಗುತ್ತಲೇ ಇತ್ತು. ಮಣಿಕಟ್ಟಿನ ಮೇಲೆ ಕೈ ಇಟ್ಟೆ. ಸ್ವಲ್ಪ ಹೊತ್ತಿಗೆ ಅದು ನನ್ನ ಕೈಯಡಿಯಲ್ಲಿ ಮೆಲ್ಲಗೆ ಚಲಿಸತೊಡಗಿತು, ಮುಂದಕ್ಕೆ, ಹಿಂದಕ್ಕೆ. ಬೆಳಗಾಗುವಷ್ಟರಲ್ಲಿ ಅದೂ ನಿಂತಿತು.

ಕತ್ತಿ ನನ್ನ ಬಳಿ ಇದೆ. ಕನ್ನಡಿಯಂಥ ಮೈ, ಮಂಕಾದ ತುದಿ. ನನ್ನ ಕೈ ನಡುಗುವುದಿಲ್ಲ, ಉಜ್ಜುವುದೂ ಗೊತ್ತು. ಆದರೂ ಒಬ್ಬನೇ ಆ ಕಲ್ಲಿನ ಮುಂದೆ ಕೂರಲು ಮನಸ್ಸು ಒಪ್ಪುವುದಿಲ್ಲ. ಪಾಂಗಾ ಆಯ್ತಾ ಎಂದು ಅಸ್ಕರಿ ಈಗ ನನ್ನನ್ನು ಕೇಳುತ್ತಾನೆ, ಕಾಲೆಳೆಯಲು ಅಲ್ಲ.

"ಬಾಡೊ" ಎನ್ನುತ್ತೇನೆ.