ಡಯಾಲಿಸಿಸ್ ವಾರ್ಡಿಗೆ ಬಂದ ಎಳನೀರು

ಗುಬ್ಬಿಯ ನಮ್ಮ ಡಾಕ್ಟರು ಕೂತದ್ದನ್ನು ನಾನು ಕಂಡಿರಲಿಲ್ಲ. ಸ್ಟೆತಾಸ್ಕೋಪನ್ನು ಕೈಗೆ ಸುತ್ತುತ್ತಾ, ಬಿಚ್ಚುತ್ತಾ, ಬಾಗಿಲಿಗೂ ಬೆಂಚಿಗೂ ಓಡಾಡುತ್ತಲೇ ಇರೋರು. ವಾಸಿಯಾದವರು ಏನಾದರೂ ತಂದರೆ ಒಂದೇ ಮಾತು: "ನಂಗ್ಯಾಕ್ರೀ? ತುಮಕೂರಿನ ಧರ್ಮಾಸ್ಪತ್ರೆಗೆ ಕೊಡಿ."

ಹಾಗಲವಾಡಿಯ ರೈತನೊಬ್ಬ ಆ ಮಾತನ್ನು ಹಾಗೇ ನಡೆಸಿದ. ಹೆಂಡತಿಯನ್ನು ಉಳಿಸಿಕೊಟ್ಟ ಋಣಕ್ಕೆ ಆಟೋ ತುಂಬ ಎಳನೀರು ತಂದು, ಧರ್ಮಾಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲೇ ಕೆತ್ತತೊಡಗಿದ. ಕಿಡ್ನಿ ಹೋದವರಿಗೆ ಎಳನೀರು ವಿಷಕ್ಕೆ ಸಮ ಅಂತ ಅವನಿಗೇನು ಗೊತ್ತು? ಒಳಗೆ, ದಿನಕ್ಕೆ ಎರಡೇ ಲೋಟ ನೀರಲ್ಲಿ ಬದುಕುತ್ತಿದ್ದ ನನ್ನ ಅವ್ವ ಮಚ್ಚಿನ ಸದ್ದಿಗೆ ತಲೆ ಎತ್ತಿದಳು.

ಗುಬ್ಬಿಯಿಂದ ಅವ್ವನನ್ನು ನೋಡಲು ಬಂದಿದ್ದ ನಮ್ಮ ಡಾಕ್ಟರು ಬಾಗಿಲಿಗೆ ಓಡಿದರು.

"ನಿಮ್ ಹೆಸ್ರಲ್ಲೇ ತಂದಿವ್ನಿ ಸಾ, ಎಲ್ರೂ ಕುಡೀಲಿ."

"ಇಲ್ಲಿರೋರು ಇದನ್ನ ಕುಡಿಯಂಗಿಲ್ಲ ಕಣಪ್ಪ. ಜೀವಕ್ಕೇ ಅಪಾಯ. ಎಲ್ಲಾನೂ ಹೆರಿಗೆ ವಾರ್ಡಿಗೆ ಕೊಡೋಣ."

ರೈತ ಕೈಯಲ್ಲಿದ್ದ ಕೆತ್ತಿದ ಎಳನೀರನ್ನೇ ನೋಡಿದ. "ಹಂಗಾರೆ ನಾನು ವಿಷ ತಂದ್ನಾ ಸಾ?"

ಡಾಕ್ಟರು ಆ ಎಳನೀರನ್ನು ಇಸ್ಕೊಂಡು, ಅವ್ವನ ಹಾಸಿಗೆಗೆ ಬೆನ್ನು ಹಾಕಿ, ಹೊಸ್ತಿಲ ಆಚೆ ನೆಲದ ಮೇಲೆ ಕೂತು, ಕೊನೇ ಹನಿವರೆಗೂ ನಿಧಾನವಾಗಿ ಕುಡಿದರು.