ಕಾಕುವಿನ ಬ್ಯಾನರಿಗೆ ಹಾಕಿದ ವಾಲಿದ ಅಕ್ಷರ

ಇಳಕಲ್ಲಿನಲ್ಲಿ ನನ್ನದೊಂದು ಬ್ಯಾನರ್ ಅಂಗಡಿ. ಕಂಪ್ಯೂಟರಿನಲ್ಲಿ ನೂರೆಂಟು ಫಾಂಟುಗಳಿದ್ದರೂ ನನ್ನ ಕೈ ಹೋಗುತ್ತಿದ್ದುದು ಒಂದಕ್ಕೇ. ದಪ್ಪನೆಯದು, ಬಲಕ್ಕೆ ವಾಲಿದ್ದು, ತುದಿಯಲ್ಲಿ ಕೊಕ್ಕೆ ಕುಸುರಿ ಏನೂ ಇಲ್ಲದ್ದು. ಓಡುವವನ ಮೈಯಂತೆ ಮುಂದಕ್ಕೆ ಬಾಗಿರುತ್ತದೆ. ಬಾದಾಮಿ ರಸ್ತೆಯಲ್ಲಿ ಬೈಕ್ ಮೇಲೆ ಹೋಗುವವನೂ ಅದನ್ನು ಒಂದೇ ನೋಟಕ್ಕೆ ಓದಿಬಿಡುತ್ತಾನೆ. ಕಬಡ್ಡಿ ಪಂದ್ಯ, ಟ್ರ್ಯಾಕ್ಟರ್ ಶೋರೂಮು, 'ಇಂದೇ ಕೊನೆಯ ದಿನ' ಎನ್ನುವ ಸೀರೆ ಮಾರಾಟ, ಇಂಥಲ್ಲಿ ಅದಕ್ಕೆ ಸಾಟಿಯಿಲ್ಲ. ಅದೂ ಒಂದೆರಡು ಪದಕ್ಕೆ ಮಾತ್ರ. ಉಪ್ಪಿನಕಾಯಿ ರುಚಿ ಎಂದು ತಾಟಿನ ತುಂಬ ಅದನ್ನೇ ಬಡಿಸಿಕೊಳ್ಳಲಾಗದು. ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ಮದುವೆಗೂ ಅದೇ, ಬಸುರಿಯ ಕುಬಸಕ್ಕೂ ಅದೇ. ಗಿರಾಕಿ ಬೇರೆ ಕೇಳಿದರೆ ನನಗೆ ಸಿಟ್ಟು.

ನಮ್ಮ ಓಣಿಯ ನೇಕಾರ ಕಾಕಾ ಒಂದು ಮುಂಜಾನೆ ಅಂಗಡಿಗೆ ಬಂದರು. ಹಿಂದಿನ ದಿನ ಅವರ ಹೆಂಡತಿ ತೀರಿಕೊಂಡಿದ್ದರು. ಕಾಕು ಎಂದೇ ನಾವೆಲ್ಲ ಕರೆಯುತ್ತಿದ್ದುದು. ಮೂರನೆಯ ದಿನಕ್ಕೆ ಮನೆ ಮುಂದೆ ಕಟ್ಟಲು ಶ್ರದ್ಧಾಂಜಲಿ ಬ್ಯಾನರ್ ಬೇಕಿತ್ತು. ಫೋಟೋ ಕೊಟ್ಟು, "ಅಕ್ಷರಾ ಸ್ವಲ್ಪ ಸಣ್ಣವು, ನೆಟ್ಟಗ ಇರ್ಲಿಪಾ. ಆಕಿ ಭಾಳ ಮೆತ್ತಗಿನ ಹೆಣ್ಮಗಳು," ಎಂದರು.

"ನೀವು ಚಿಂತಿ ಬಿಡ್ರಿ ಕಾಕಾ," ಎಂದೆ.

ಹುನಗುಂದದ ಕಬಡ್ಡಿ ಪಂದ್ಯಕ್ಕೆ ಮಾಡಿದ್ದ ಫೈಲು ತೆರೆದೇ ಇತ್ತು. ಆಟಗಾರರನ್ನು ತೆಗೆದು ಕಾಕುವನ್ನು ಕೂಡಿಸಿದೆ. ಪದ ಬದಲಿಸಿದೆ, ಕೆಂಪು ಹೋಗಿ ಕಪ್ಪು ಬಂತು. ಅಕ್ಷರ ಅದೇ ಉಳಿಯಿತು. ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಮಸಿಯ ಮುದ್ದೆಯಾದದ್ದು ಕಂಡಿತು. ಕಂಡರೂ ಪ್ರಿಂಟಿಗೆ ಕೊಟ್ಟೆ. ಸೋಮಾರಿತನ, ಸೊಕ್ಕು ಎರಡೂ ಕೂಡಿದ್ದವು.

ಮೂರನೆಯ ದಿನ ನಾನೂ ಹೋದೆ. ಫೋಟೋದಲ್ಲಿ ಕಾಕು ನಾಚಿಕೊಂಡು ನಗುತ್ತಿದ್ದರು. ಅವರ ತಲೆಯ ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಓಟ ಕೀಳಲು ತಯಾರಾಗಿತ್ತು. ಬಾಗಲಕೋಟೆಯಿಂದ ಬಂದ ಬೀಗರೊಬ್ಬರು ಅದನ್ನು ನೋಡಿ, "ಏನ್ರಿ ಇದು, ನಿಮ್ಮ ಮನಿಯಾಕಿ ಎಲೆಕ್ಷನ್‌ಕ ನಿಂತಂಗ ಐತಲ್ಲ. ಯಾವಾಂವ ಮಾಡ್ಯಾನ?" ಎಂದರು. ಕೂತವರಲ್ಲಿ ನಾಲ್ಕು ಮಂದಿ ನಕ್ಕರು. ಮಣ್ಣು ಮಾಡಿ ಮೂರು ದಿನವಾಗಿರಲಿಲ್ಲ, ನನ್ನ ದೆಸೆಯಿಂದ ಕಾಕುವನ್ನು ನೋಡಿ ಜನ ನಕ್ಕರು.

ಕಾಕಾ ನನ್ನ ಕಡೆ ತಿರುಗಲಿಲ್ಲ. "ಮಾಡಿದಾವಂದೇನ ತಪ್ಪಿಲ್ಲರಿ. ದೂರಿಂದ ಕಾಣ್ಲಿ ಅಂತ ನಾನ ಹಂಗ ಮಾಡಂತ ಹೇಳಿದ್ದೆ," ಎಂದರು.

"ನಿಮಗ ಇಂಥಾದ್ರಾಗ ತಿಳುವಳಿಕಿ ಕಡಿಮಿ ಬಿಡ್ರಿ," ಎಂದು ಬೀಗರು ಎಲ್ಲರ ಮುಂದೆ ಅವರಿಗೆ ಬುದ್ಧಿ ಹೇಳಿದರು. ಕಾಕಾ ಹೂಂಗುಟ್ಟುತ್ತ ಕೇಳಿಸಿಕೊಂಡರು.

ನಾನು ನಾಲ್ಕು ಹೆಜ್ಜೆ ದೂರದಲ್ಲಿ ಚಹಾ ಹಿಡಿದು ಕೂತಿದ್ದೆ. ಚಹಾ ಪೂರ್ತಿ ಕುಡಿದು, ಕಾಕಾಗೆ ಕೈ ಮುಗಿದು, ಎದ್ದು ಬಂದೆ.