ದೊಡ್ಡಕ್ಕನ ಒಂದೇ ಸಾಲು

ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ವಯಸ್ಸಿಗೂ ಸರಿ, ಗಾತ್ರಕ್ಕೂ ಸರಿ. ಅವರು ಬಂದ ಇಪ್ಪತ್ತು ವರ್ಷದಲ್ಲಿ ಬಡಾವಣೆಯ ಜನ ಮೂರು ಪಟ್ಟಾದರು, ಶಾಲೆ ಎರಡು ಪಾಳಿಯಾಯಿತು. ನರ್ಸ್ ಮಾತ್ರ ಒಬ್ಬರೇ. ಬಾಗಿಲ ಮುಂದೆ ಸಾಲು ಉದ್ದ, ಬೆಂಚು ಸಾಲದು.

ದೊಡ್ಡಕ್ಕನ ಕಾನೂನು ಒಂದೇ. ಕೆಮ್ಮಿಗೆ ಬಂದವರು, ಮಗುವಿನ ತೂಕಕ್ಕೆ ಬಂದವರು, ಸದ್ಯಕ್ಕೆ ಮಗು ಬೇಡವೆಂದು ಬಂದವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಯಾರು ಯಾತಕ್ಕೆ ಬಂದರೆಂದು ಬೀದಿಗೆ ತಿಳಿಯಬಾರದು. ಮಗುವಾಗದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿನ ಕಾರ್ಡುಗಳೂ ಅವರ ಬೀರುವಿನಲ್ಲೇ. ಹೆಂಗಸರ ಜೊತೆ ಮನೆಗೆ ಹೋಗುತ್ತಿದ್ದದ್ದು ಕಿವಿಯಲ್ಲಿ ಹೇಳಿದ ತಾರೀಕು ಮಾತ್ರ.

ಹೊಸದಾಗಿ ಬಂದ ಡಾಕ್ಟರು ಬಹಳ ಒಳ್ಳೆಯವರು, ತೊಂದರೆಯಾದದ್ದೇ ಅದರಿಂದ. ಹೆಂಗಸರು ಕಾಯುವುದನ್ನು ನೋಡಲಾರದೆ ಗೇಟಿನ ಪಕ್ಕದಲ್ಲೇ ಬೇರೆ ಬೆಂಚು ಹಾಕಿಸಿ, 'ಕುಟುಂಬ ಯೋಜನೆ' ಎಂದು ಗೇಣುದ್ದದ ಅಕ್ಷರದ ಬೋರ್ಡು ತೂಗುಹಾಕಿ, ಅದಕ್ಕೆ ಬಂದವರು ಅಲ್ಲೇ ಕೂರಬೇಕೆಂದರು. ಒಂದು ವಾರ ಆ ಬೆಂಚಿನ ಮೇಲೆ ನೊಣವೂ ಕೂರಲಿಲ್ಲ.

ಶನಿವಾರ ಟೈಲರಮ್ಮನ ಇಂಜೆಕ್ಷನ್ನಿಗೆ ಕೊನೆಯ ದಿನ. ನಾಲ್ಕು ಹೆತ್ತವಳು; ಐದನೆಯದಾದರೆ ಜೀವಕ್ಕೇ ಅಪಾಯವೆಂದು ಹೇಳಿಸಿಕೊಂಡವಳು. ಗಂಡನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಆ ಅತ್ತೆ ತರಕಾರಿ ಮಾರುತ್ತ ಕೂರುವುದು ಗೇಟಿನ ಎದುರಿಗೇ. ಟೈಲರಮ್ಮ ಗೇಟಿನ ತನಕ ಬಂದಳು, ಬೋರ್ಡು ನೋಡಿದಳು, ಮುಂದೆ ನಡೆದಳು. ಮತ್ತೆ ಬಂದಳು, ಮತ್ತೆ ನಡೆದಳು.

ದೊಡ್ಡಕ್ಕ ಕಿಟಕಿಯಿಂದ ಗಂಟಲೆತ್ತಿ ಕೂಗಿದರು.

"ಏನಮ್ಮಾ ಟೈಲರಮ್ಮ, ಯೂನಿಫಾರ್ಮ್ ಹೊಲಿದುಕೊಡು ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ! ಬಂದು ಅಳತೆ ತಗೊಂಡು ಹೋಗು!"

ಸೊಸೆಯನ್ನು ಗದರಿದ್ದು ಅತ್ತೆಯೇ. "ಹೋಗೇ! ಗಿರಾಕಿ ಕರೀತಿದ್ರೆ ಬೀದಿ ಅಳೀತಾ ನಿಂತಿದೀಯ?"

ಟೈಲರಮ್ಮ ಒಳಗೆ ಬಂದಳು. ಇಂಜೆಕ್ಷನ್ ಅರ್ಧ ನಿಮಿಷದಲ್ಲಿ ಮುಗಿಯಿತು.

ಪಕ್ಕದ ಮೇಜಿನಿಂದ ಡಾಕ್ಟರು ಮೆಲ್ಲಗೆ ಕೇಳಿದರು. "ಬೋರ್ಡು ನೋಡಿ ಹೆದರಿದ್ರಾ?"

"ನಮ್ಮತ್ತೆ ಎದುರಿಗೇ ಕೂತಿರ್ತಾರೆ," ಎಂದಳು ಅವಳು. ಡಾಕ್ಟರು ಸ್ಟೂಲು ಎತ್ತಿಕೊಂಡು ಗೇಟಿನ ಕಡೆ ಹೊರಟರು.

ಟೈಲರಮ್ಮನೂ ಹೊರಡಲು ಎದ್ದಳು.

"ಎಲ್ಲಿಗೆ? ಟೇಪು ತೆಗಿ," ಎಂದರು ದೊಡ್ಡಕ್ಕ. "ಅಳತೆ ಪುಸ್ತಕದಲ್ಲಿ ಬರಿ. ನಿಮ್ಮತ್ತೆ ಕೇಳಿದ್ರೆ ತೋರಿಸ್ಬೇಕಲ್ಲ."

ಸೊಂಟ ಸುತ್ತಿ ಬರುವಷ್ಟರಲ್ಲಿ ಟೇಪಿಗೆ ಸುಸ್ತಾಯಿತು.

"ದೊಡ್ಡಕ್ಕಾ, ಎಷ್ಟು ಅಂತ ಬರೀಲಿ?" ಅವಳಿಗೆ ಈಗ ನಗು ಬಂದಿತ್ತು.

"ಇದ್ದಷ್ಟು ಬರಿ. ಮೂರು ತಿಂಗಳಿಗೆ ಸರಿಯಾಗಿ ಮತ್ತೆ ಬಾ. ಅಷ್ಟರಲ್ಲಿ ಬಿಗಿ ಆಗಿರತ್ತೆ, ಬಿಚ್ಚಿ ಹೊಲೀಬೇಕು."